ಪಿಎಚ್‌ಪಿ ಎಂಬ ಕೆರೆಗೆ ನೀರಗಂಟಿ ಯಾರು?

ಕನ್ನಡ ವಿಕಿಪೀಡಿಯದ ಪುಟ ತೆರೆದಾಗ ಅದನ್ನು ಸಿದ್ಧಮಾಡಿ ನಿಮ್ಮ ಫೋನಿಗೆ ಕಳಿಸುವುದು ಪಿಎಚ್‌ಪಿ ಭಾಷೆಯಲ್ಲಿ ಬರೆದ ತಂತ್ರಾಂಶ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಸುದ್ದಿ ತಾಣಗಳೂ ಇದರ ಮೇಲೆಯೇ ನಡೆಯುತ್ತವೆ. ಪಿಎಚ್‌ಪಿಗೆ ಕಾಸು ಕೊಡಬೇಕಿಲ್ಲ. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡ್ ನೋಡಬಹುದು, ತಿದ್ದಬಹುದು.

ಎಲ್ಲರೂ ಬಳಸುವ ಇದನ್ನು ನೋಡಿಕೊಳ್ಳುವವರು ಯಾರು ಎಂಬುದೇ ನಮ್ಮ ಪ್ರಶ್ನೆ.

1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಇದನ್ನು ಹೊರತಂದರು. ನಂತರ ಇಸ್ರೇಲ್‌ನ ಇಬ್ಬರು ವಿದ್ಯಾರ್ಥಿಗಳು, ಝೀವ್ ಸುರಾಸ್ಕಿ ಮತ್ತು ಆಂಡಿ ಗಟ್‌ಮನ್ಸ್, ಅದನ್ನು ಹೊಸದಾಗಿ ಕಟ್ಟಿದರು. ಪಿಎಚ್‌ಪಿ ಕೋಡನ್ನು ಓದಿ ಕೆಲಸ ಮಾಡಿಸುವ ಎಂಜಿನ್‌ಗೆ ಇಬ್ಬರ ಹೆಸರನ್ನೂ ಕೂಡಿಸಿ 'ಝೆಂಡ್' ಎಂದು ಕರೆದರು. 2000ದಲ್ಲಿ ಬಂದ ಪಿಎಚ್‌ಪಿ 4ರಿಂದ ಅದೇ ನಡೆದು ಬಂದಿದೆ.

ನಿರ್ವಹಣೆ ಎಷ್ಟು ತೆಳು ಎಂಬುದು 2021ರಲ್ಲಿ ಗೊತ್ತಾಯಿತು. ಆ ಮಾರ್ಚ್‌ನಲ್ಲಿ ಯಾರೋ ಲೆರ್ಡಾರ್ಫ್ ಹಾಗೂ ನಿಕಿತಾ ಪೊಪೊವ್ ಅವರ ಹೆಸರಲ್ಲೇ ಮೂಲ ಕೋಡಿಗೆ ಕಳ್ಳದಾರಿ ಸೇರಿಸಿದರು. ಕೆಲವೇ ಗಂಟೆಗಳಲ್ಲಿ ಕಣ್ಣಿಗೆ ಬಿದ್ದದ್ದರಿಂದ ಬಳಕೆದಾರರವರೆಗೆ ಬರಲಿಲ್ಲ. ನವೆಂಬರ್‌ನಲ್ಲಿ, ಎಂಜಿನ್‌ನ ಒಳಹೊರಗು ಬಲ್ಲ ಪೊಪೊವ್ ಅವರೇ ಬೇರೆ ಕೆಲಸಕ್ಕೆ ಹೊರಟರು. ಅವರಷ್ಟು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅದೇ ತಿಂಗಳು ಜೆಟ್‌ಬ್ರೇನ್ಸ್, ಆಟೊಮ್ಯಾಟಿಕ್‌ನಂಥ ಕಂಪನಿಗಳು ಸೇರಿ ಪಿಎಚ್‌ಪಿ ಫೌಂಡೇಶನ್ ಕಟ್ಟಿ, ಕೋಡ್ ಬರೆಯುವವರಿಗೆ ಸಂಬಳ ಕೊಡಲು ಶುರುಮಾಡಿದವು. ಜರ್ಮನಿ ಸರ್ಕಾರದ ನಿಧಿಯಿಂದಲೂ ಹಣ ಬಂತು.

ನಮ್ಮ ಕೆರೆಗಳಿಗೂ ಒಬ್ಬ ನೀರಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಅಳೆದು ಕೊಟ್ಟ ಮೇಲೆ ಉಳಿದ ಲೆಕ್ಕ. ಫೌಂಡೇಶನ್ ಮಾಡುತ್ತಿರುವುದೂ ಅದೇ. ಆದರೆ ಕಾಳು ಅಳೆಯುವ ಮನೆಗಳು ಇನ್ನೂ ಕಡಿಮೆ.

ಇದರಿಂದ ಕನ್ನಡಕ್ಕೇನು ಎಂದು ಕೇಳಬಹುದು. ಎಲ್ಲ ಲಿಪಿಗಳನ್ನೂ ಬುಡದಿಂದಲೇ ಅರಿಯುವ ಪಿಎಚ್‌ಪಿ 6 ಬರಬೇಕಿತ್ತು. ಕೆಲಸ ತೊಡಕಾಗಿ 2010ರಲ್ಲಿ ಕೈಬಿಟ್ಟರು. ಐದರ ನಂತರ ಏಳೇ ಬಂತು. ಇವತ್ತಿಗೂ 'ಕನ್ನಡ' ಪದದ ಉದ್ದ ಎಷ್ಟೆಂದು ಪಿಎಚ್‌ಪಿಯ ಸಾಮಾನ್ಯ ಆದೇಶಕ್ಕೆ ಕೇಳಿದರೆ 15 ಎನ್ನುತ್ತದೆ. ಅದು ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಅಕ್ಷರ ಎಣಿಸಲು ಬೇರೆ ಆದೇಶಗಳಿವೆ. ಅವನ್ನು ಬಳಸದೆ ಅರ್ಜಿ ನಮೂನೆ ಮಾಡಿದರೆ ಕನ್ನಡದ ಹೆಸರು ಅರ್ಧಕ್ಕೇ ತುಂಡಾದೀತು. ದುರಸ್ತಿಯ ಜಾಗದಲ್ಲಿ ನಮ್ಮವರು ಇಲ್ಲದಿದ್ದರೆ ನಮ್ಮ ಲಿಪಿಯ ತೊಂದರೆ ಹೇಳುವವರೂ ಇರುವುದಿಲ್ಲ.

'ಹಳೇ ಭಾಷೆ, ಬಿಡಿ' ಎನ್ನುವವರಿದ್ದಾರೆ. ಕೆರೆ ಹಳೆಯದೆಂದು ಏರಿ ಒಡೆಯಲು ಬಿಡುತ್ತೇವೆಯೇ? ಈಗ ಪ್ರತಿ ಆವೃತ್ತಿಗೆ ಎರಡು ವರ್ಷ ದೋಷಗಳ ತಿದ್ದುಪಡಿ, ಮತ್ತೆರಡು ವರ್ಷ ಸುರಕ್ಷತೆಯ ತಿದ್ದುಪಡಿ ಮಾತ್ರ ಸಿಗುತ್ತದೆ. 7.4ಕ್ಕೆ 2022ರ ನವೆಂಬರ್‌ಗೇ ಅದು ಮುಗಿಯಿತು. ಅದರ ಮೇಲೇ ನಿಂತಿರುವ ತಾಣಕ್ಕೆ ಬೀಗವಿಲ್ಲದ ಬಾಗಿಲು.

ನಾವು ಹೇಳುವುದಿಷ್ಟು. ಪಿಎಚ್‌ಪಿಯಿಂದ ದುಡಿಯುವ ಬೆಂಗಳೂರಿನ ಕಂಪನಿಗಳು ಅದರ ದುರಸ್ತಿಗೂ ಪಾಲು ಕೊಡಲಿ. ಸರ್ಕಾರಿ ತಾಣಗಳ ಟೆಂಡರ್‌ನಲ್ಲಿ ಆವೃತ್ತಿ ಬದಲಿಸುವ ಷರತ್ತೂ ಇರಲಿ. ಕೋಡ್ ಕಲಿತ ಮಕ್ಕಳು ಕನ್ನಡದಲ್ಲಿ ಎದುರಾಗುವ ದೋಷಗಳನ್ನು ಗಿಟ್‌ಹಬ್‌ನಲ್ಲಿ ದಾಖಲಿಸಲಿ. ನಿಮ್ಮ ಸಂಘಕ್ಕೋ ಶಾಲೆಗೋ ತಾಣ ಮಾಡಿಕೊಟ್ಟವರನ್ನು ಇವತ್ತೇ ಕೇಳಿ: ಇದು ಯಾವ ಆವೃತ್ತಿ, ಮುಂದಿನದಕ್ಕೆ ಯಾವಾಗ ಬದಲಿಸುತ್ತೀರಿ?