ನಮ್ಮ ಹೆಣ್ಣುಮಕ್ಕಳ ಲೆಕ್ಕ ಕೇಳೋಣ

ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆಯಾದ ವರ್ಷದೊಳಗೇ ಸುಟ್ಟಗಾಯಗಳಿಂದ ತೀರಿಕೊಂಡಳು. ‘ಸ್ಟೌ ಸಿಡಿದು ಸಾವು’ ಎಂದು ದಾಖಲಾಯಿತು. ವರದಕ್ಷಿಣೆಗಾಗಿ ಪೀಡಿಸುತ್ತಿದ್ದರೆಂದು ತಾಯಿ ಅತ್ತು ಹೇಳಿದ್ದು ಯಾವ ಕಾಗದಕ್ಕೂ ಏರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವಳದು ಅಪಘಾತ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2023ರಲ್ಲಿ ದೇಶದಲ್ಲಿ 6,156 ವರದಕ್ಷಿಣೆ ಸಾವುಗಳು. ದಿನಕ್ಕೆ ಸುಮಾರು 17. ಈ ಅಂಕಿ ಹೊರಬಂದದ್ದು 2025ರಲ್ಲಿ. ಅದೂ ವರದಕ್ಷಿಣೆ ಸಾವೆಂದು ಪೊಲೀಸರು ಬರೆದುಕೊಂಡವು ಮಾತ್ರ. ನಮ್ಮ ತಾಲ್ಲೂಕಿನಲ್ಲಿ ಎಷ್ಟು? ಆ ವರದಿಯಲ್ಲಿ ಅದಿಲ್ಲ.

ಲೆಕ್ಕ ಕೇಳುವುದು ಓದಿದವರ ಕೆಲಸವೆಂದು ಸುಮ್ಮನಿರಬೇಡಿ, ಗೆಳತಿಯರೇ. ರಾಜಸ್ಥಾನದ ಹಳ್ಳಿಗಳಲ್ಲಿ ಪೂರ್ತಿ ಕೂಲಿ ಸಿಗದ ಹೆಂಗಸರು, ಗಂಡಸರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯಲ್ಲಿ ಒಗ್ಗೂಡಿ, ‘ಹಾಜರಿ ಪಟ್ಟಿ ತೋರಿಸಿ’ ಎಂದರು. 1994ರ ಡಿಸೆಂಬರ್‌ನಿಂದ ಸಾರ್ವಜನಿಕ ಸಭೆ ಸೇರಿಸಿ ಸರ್ಕಾರಿ ದಾಖಲೆಗಳನ್ನು ಎಲ್ಲರೆದುರು ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ.

ಅದೇ 2005ರಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯೂ ಬಂತು. ಈ ಎರಡನ್ನೂ ಜೋಡಿಸೋಣ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರ ಕಚೇರಿಗೆ ಬರೆಯಿರಿ: ಕಳೆದ ವರ್ಷ ಎಷ್ಟು ದೂರು ಬಂದವು? ಎಷ್ಟು ನ್ಯಾಯಾಲಯಕ್ಕೆ ಹೋದವು? ಎಷ್ಟು ಹೆಣ್ಣುಮಕ್ಕಳಿಗೆ ರಕ್ಷಣಾ ಆದೇಶ ಸಿಕ್ಕಿತು?

ಅರ್ಜಿ ಕನ್ನಡದಲ್ಲೇ ಇರಲಿ, 150 ಪದ ಮೀರದಿರಲಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಬಹುದು. ಸಹಿ ಒಬ್ಬಳದಾದರೂ ಕೊಡಲು ಹತ್ತು ಮಂದಿ ಹೋಗಿ.

ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆ ಮಾಹಿತಿ ಹಕ್ಕನ್ನೇ ತಿದ್ದಿದೆ. ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ಬಾಗಿಲು ಹಾಕುವುದು ಈಗ ಸುಲಭ. ನೊಂದವಳ ಹೆಸರು ನಮಗೂ ಬೇಡ, ಅದು ಗುಟ್ಟಾಗಿಯೇ ಇರಲಿ. ಆದರೆ ಎಷ್ಟು ಮಂದಿ ಎಂಬ ಸಂಖ್ಯೆ ಯಾರ ಖಾಸಗಿ ವಿಷಯವೂ ಅಲ್ಲ.

ಸಂಘದಲ್ಲಿ ವಾರದ ಉಳಿತಾಯದ ಒಂದೊಂದು ರೂಪಾಯಿಗೂ ಲೆಕ್ಕ ಬರೆಯುವವರು ನಾವು. ನಮ್ಮ ಹೆಣ್ಣುಮಕ್ಕಳ ಜೀವದ ಲೆಕ್ಕ ಕೇಳದೆ ಬಿಡುವುದು ಹೇಗೆ?