ದೊಡ್ಡ ವಾಣಿಜ್ಯ ಕಟ್ಟಡಗಳ ವಿಮಾ ಮೊತ್ತ ನಿಗದಿ ಕುರಿತ ಮನವಿ ಪತ್ರ

ಗೆ,
ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ಮಾನ್ಯರೇ,

ವಿಷಯ: ₹50 ಕೋಟಿ ಮೀರಿದ ವಾಣಿಜ್ಯ ಕಟ್ಟಡಗಳ ಅಗ್ನಿ ವಿಮೆಯಲ್ಲಿ, ವಿಮಾ ಮೊತ್ತವನ್ನು ಪಾಲಿಸಿ ನೀಡುವಾಗಲೇ ಇತ್ಯರ್ಥಪಡಿಸುವ ಬಗ್ಗೆ.

ಬೆಂಗಳೂರಿನ ಬಹುಮಹಡಿ ವಾಣಿಜ್ಯ ಸಂಕೀರ್ಣಗಳಲ್ಲಿ ಮಳಿಗೆ ಹೊಂದಿರುವ ನಾವು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಒಂದೇ ಕಟ್ಟಡಕ್ಕೆ ಎಷ್ಟು ವಿಮೆ ಬೇಕೆಂಬುದಕ್ಕೆ ಇಂದು ಮೂರು ಲೆಕ್ಕಗಳಿವೆ. ಸಾಲ ಕೊಟ್ಟ ಬ್ಯಾಂಕು ನಿವೇಶನದ ಬೆಲೆಯೂ ಸೇರಿದ ಮೌಲ್ಯಮಾಪನ ವರದಿಯನ್ನು ಮುಂದಿಡುತ್ತದೆ. ಮಾಲೀಕರ ಸಂಘ ಪ್ರೀಮಿಯಂ ಹೊರೆಗೆ ಅಂಜಿ, ಸವಕಳಿ ಕಳೆದ ಬೆಲೆಯನ್ನು ಹಿಡಿಯುತ್ತದೆ. ವಿಮಾ ಕಂಪನಿ ಅರ್ಜಿಯಲ್ಲಿ ಬರೆದ ಮೊತ್ತಕ್ಕೆ ಪ್ರೀಮಿಯಂ ಪಡೆದು ಸುಮ್ಮನಾಗುತ್ತದೆ. ಕಂಪನಿಯ ಲೆಕ್ಕ ಶುರುವಾಗುವುದು ಬೆಂಕಿ ಆರಿದ ಮೇಲೆ, ಸರ್ವೇಯರ್ ಬಂದಾಗ.

ಆಗ ಸರಾಸರಿ ಷರತ್ತು ಅನ್ವಯಿಸುತ್ತದೆ: ವಿಮೆ ಎಷ್ಟು ಪಾಲು ಕಡಿಮೆಯಿದೆಯೋ ಪರಿಹಾರವೂ ಅಷ್ಟೇ ಪಾಲು ಕಡಿತವಾಗುತ್ತದೆ. ಮತ್ತೆ ಕಟ್ಟಲು ₹100 ಕೋಟಿ ಬೇಕಾಗುವ ಕಟ್ಟಡಕ್ಕೆ ₹60 ಕೋಟಿ ವಿಮೆಯಿದ್ದು, ₹10 ಕೋಟಿ ನಷ್ಟವಾದರೆ ಸಿಗುವುದು ₹6 ಕೋಟಿ. ವಿಮಾ ಮೊತ್ತ ನಷ್ಟದ ಆರು ಪಟ್ಟಿದ್ದರೂ ಉಳಿದ ₹4 ಕೋಟಿ ಮಾಲೀಕರ ತಲೆಮೇಲೆ. ಇತ್ತ ಬ್ಯಾಂಕಿನ ಮಾತಿನಂತೆ ನಿವೇಶನದ ಬೆಲೆಗೂ ವಿಮೆ ಮಾಡಿಸಿದರೆ ಆ ಪ್ರೀಮಿಯಂ ವ್ಯರ್ಥ. ನೆಲ ಸುಡುವುದಿಲ್ಲ, ವಿಮೆ ನಷ್ಟಕ್ಕಿಂತ ಹೆಚ್ಚು ಕೊಡುವುದೂ ಇಲ್ಲ.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ್ ಸುರಕ್ಷಾ ಪಾಲಿಸಿಗಳಲ್ಲಿ ವಿಮಾ ಮೊತ್ತ ಶೇ. 15ರವರೆಗೆ ಕಡಿಮೆಯಿದ್ದರೂ ಸರಾಸರಿ ಷರತ್ತಿನಿಂದ ಮನ್ನಾ ಇದೆ. ಒಂದು ಸ್ಥಳದ ಆಸ್ತಿ ₹50 ಕೋಟಿ ದಾಟಿದರೆ ಈ ರಕ್ಷಣೆ ತಾನಾಗಿ ಸಿಗದು. ಆ ಮಿತಿ ದಾಟುವುದು ಕಟ್ಟಡ. ಒಳಗಿರುವ ಮಳಿಗೆಯವರಲ್ಲಿ ಬಹುಪಾಲು ಸಣ್ಣ ವ್ಯಾಪಾರಿಗಳೇ.

ಆದ್ದರಿಂದ ನಮ್ಮ ಬೇಡಿಕೆಗಳು:

1. ನಿವೇಶನದ ಬೆಲೆ ಬಿಟ್ಟು, ಪುನರ್ನಿರ್ಮಾಣ ವೆಚ್ಚವೊಂದೇ ವಿಮಾ ಮೊತ್ತಕ್ಕೆ ಆಧಾರವಾಗಬೇಕು. ಲಿಫ್ಟ್, ನೆಲಮಾಳಿಗೆ, ಜನರೇಟರ್‌ಗಳಂಥ ಸಾಮಾನ್ಯ ಸೌಲಭ್ಯಗಳು ಅದರಲ್ಲಿ ಸೇರಬೇಕು. ಸಾಲದಾತರಿಗೂ ಇದೇ ಆಧಾರ ಅನ್ವಯಿಸುವಂತೆ ರಿಸರ್ವ್ ಬ್ಯಾಂಕಿನೊಂದಿಗೆ ಸಮಾಲೋಚಿಸಬೇಕು.

2. ಮೂರು ವರ್ಷಕ್ಕೊಮ್ಮೆ ಸ್ವತಂತ್ರ ಮೌಲ್ಯಮಾಪನ ನಡೆಯಬೇಕು. ಕಂಪನಿಗೆ ಆಕ್ಷೇಪವಿದ್ದರೆ ಪಾಲಿಸಿ ನೀಡುವ ಮೊದಲೇ ತಿಳಿಸಬೇಕು. ಒಪ್ಪಿದ ಮೇಲೆ, ಮೋಸ ಸಾಬೀತಾದ ಹೊರತು, ಸರಾಸರಿ ಷರತ್ತು ಹೇರಬಾರದು.

3. ಶೇ. 15ರ ಮನ್ನಾ ದೊಡ್ಡ ಕಟ್ಟಡಗಳ ಮೂಲ ಪಾಲಿಸಿಯಲ್ಲೂ ಇರಬೇಕು.

4. ಸಾಮಾನ್ಯ ಅಗ್ನಿ ಪಾಲಿಸಿ ಅವಶೇಷ ತೆರವಿಗೆ ಕ್ಲೇಮಿನ ಶೇ. 1, ವಾಸ್ತುಶಿಲ್ಪಿ ಮತ್ತು ಎಂಜಿನಿಯರ್ ಶುಲ್ಕಕ್ಕೆ ಶೇ. 3 ಮಾತ್ರ ಕೊಡುತ್ತದೆ. ಬಹುಮಹಡಿ ಕಟ್ಟಡಗಳಿಗೆ ಈ ಮಿತಿಗಳನ್ನು ಏರಿಸಬೇಕು.

5. ಸರಾಸರಿ ಷರತ್ತನ್ನು ರೂಪಾಯಿ ಲೆಕ್ಕದ ಉದಾಹರಣೆಯೊಂದಿಗೆ ಕನ್ನಡದಲ್ಲಿ ವಿವರಿಸಿ ಸಹಿ ಪಡೆಯಬೇಕು.

6. ಮೊತ್ತದ ಬಗ್ಗೆ ವ್ಯಾಜ್ಯವಿದ್ದರೂ ತಕರಾರಿಲ್ಲದ ಭಾಗವನ್ನು ತಕ್ಷಣ ಪಾವತಿಸಬೇಕು.

ಸರಿಯಾದ ಮೊತ್ತಕ್ಕೆ ಪ್ರೀಮಿಯಂ ಹೆಚ್ಚಾಗುವುದಾದರೆ ಕಟ್ಟಲು ನಾವು ಸಿದ್ಧ. ಮುಂದಿನ ಏಪ್ರಿಲ್ ನವೀಕರಣಕ್ಕೆ ಮುನ್ನ ನಮ್ಮ ಅಹವಾಲು ಆಲಿಸಿ, ಸೂಕ್ತ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಾಣಿಜ್ಯ ಸಂಕೀರ್ಣಗಳ ಮಳಿಗೆ ಮಾಲೀಕರು, ಬೆಂಗಳೂರು

ಪ್ರತಿ: ಪ್ರಾದೇಶಿಕ ನಿರ್ದೇಶಕರು, ಭಾರತೀಯ ರಿಸರ್ವ್ ಬ್ಯಾಂಕ್, ಬೆಂಗಳೂರು