ಅಂಗಳಕ್ಕೂ ಪ್ಲಾಸ್ಟಿಕ್ ಹುಲ್ಲು ಬೇಕಾ?

ನಾಯಂಡಹಳ್ಳಿ ಕಡೆ ಹೊಸ ಮನೆ ಕಟ್ಟಿದ ಕೆಲವರು ಗೇಟಿನ ಒಳಗೆ ಉಳಿದ ಚೂರು ಜಾಗಕ್ಕೂ ಆರ್ಟಿಫಿಷಿಯಲ್ ಟರ್ಫ್ ಹಾಕಿಸ್ತಾರೆ. ಅವರ ಕಾರಣ ಸುಳ್ಳಲ್ಲ. ಜೇಡಿಮಣ್ಣು ಮಳೆಗಾಲದಲ್ಲಿ ಚಪ್ಪಲಿಗೆ ಅಂಟುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಲಾನ್ ಬೆಳೆಸೋಣ ಅಂದ್ರೆ ನೀರೆಲ್ಲಿದೆ?

ಆದ್ರೆ ಟರ್ಫ್ ಕೆಳಗೆ ಏನಾಗುತ್ತೆ ನೋಡಿ. ನೀರು ಇಳಿಯೋಕೆ ಮ್ಯಾಟಲ್ಲಿ ತೂತು ಇರುತ್ತೆ, ನಿಜ. ಆದ್ರೆ ಜೇಡಿಮಣ್ಣು ನೀರು ಹೀರೋದೇ ನಿಧಾನ. ಟರ್ಫ್ ಹಾಸೋ ಮೊದಲು ಅದನ್ನ ಬಡಿದು ಗಟ್ಟಿ ಮಾಡಿದ್ರೆ ಇನ್ನೂ ನಿಧಾನ. 200 ಚದರ ಅಡಿ ಅಂಗಳದ ಮೇಲೆ 50 ಮಿ.ಮೀ. ಮಳೆ ಬಿದ್ರೆ ಸುಮಾರು 930 ಲೀಟರ್ ನೀರು. ಇಂಗದೆ ಉಳಿದದ್ದು ಮ್ಯಾಟ್ ಕೆಳಗೆ ನಿಂತು ವಾಸನೆ ಹೊಡೆಯುತ್ತೆ, ಇಲ್ಲಾ ಚರಂಡಿ ಹಿಡಿದು ವೃಷಭಾವತಿ ಸೇರುತ್ತೆ. ಜೋರು ಮಳೆಗೆ ಮೈಸೂರು ರಸ್ತೆಯ ಗತಿ ನಮಗೆ ಗೊತ್ತೇ ಇದೆ. ಸಾಲದ್ದಕ್ಕೆ, ಮಧ್ಯಾಹ್ನದ ಬಿಸಿಲಿಗೆ ಕಾದ ಪ್ಲಾಸ್ಟಿಕ್ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ.

ಹಾಕಲೇಬೇಕು ಅಂದ್ರೆ ಕೆಳಗೆ ಕಾಂಕ್ರೀಟ್ ಬೇಡ. ಮೇಲಿನ ನಾಲ್ಕು ಇಂಚು ಮಣ್ಣು ತೆಗೆದು ಜಲ್ಲಿ ತುಂಬಿಸಿ, ಸ್ಲೋಪ್ ಕೊಟ್ಟು, ನೀರನ್ನ ಇಂಗುಗುಂಡಿಗೆ ಬಿಡಿ. 2009ರ ಕಾಯ್ದೆ ತಿದ್ದುಪಡಿ ಪ್ರಕಾರ 30x40 ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಗುಂಡಿ ಹೇಗೂ ತೋಡ್ಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ, ಆ ಜಾಗ ಮಣ್ಣಾಗೇ ಇರಲಿ. ಕಾಂಪೋಸ್ಟ್ ಬೆರೆಸಿದ್ರೆ ಜೇಡಿಮಣ್ಣೂ ಸಡಿಲ ಆಗುತ್ತೆ. ಗರಿಕೆ ನೆಡಿ. ಅದಕ್ಕೆ ನೀರು ಕಮ್ಮಿ ಸಾಕು, ಗಣೇಶನ ಹಬ್ಬಕ್ಕೆ ಮಾರ್ಕೆಟ್ಟಿಗೆ ಓಡೋದೂ ತಪ್ಪುತ್ತೆ. ಮನೆಯಲ್ಲಿ ಟರ್ಫ್ ಮಾತು ಬಂದಾಗ ಸುಮ್ಮನಿರಬೇಡಿ. ನಾವು ಓದ್ತಿರೋ ಇಂಜಿನಿಯರಿಂಗ್ ಮೊದಲು ನಮ್ಮ ಅಂಗಳಕ್ಕಾದ್ರೂ ಉಪಯೋಗಕ್ಕೆ ಬರಲಿ.